ಕಿಟಕಿಯಲ್ಲಿಟ್ಟ ಉಪಗ್ರಹ ರೇಡಿಯೊ ಮತ್ತೆ ನುಡಿಯುವುದೇ?

ಪ್ರಶ್ನೆ: ನಮ್ಮ ತಂದೆಯವರ ಹಳೆಯ ವರ್ಲ್ಡ್‌ಸ್ಪೇಸ್ ರೇಡಿಯೊ ಅಟ್ಟದಲ್ಲಿ ಸಿಕ್ಕಿದೆ. ಅಂಗೈಯಗಲದ ಆಂಟೆನಾ ಕಿಟಕಿಯಲ್ಲಿಟ್ಟರೆ ದಿನವಿಡೀ ಶಾಸ್ತ್ರೀಯ ಸಂಗೀತ ಬರುತ್ತಿತ್ತು, ಪರದೆಯ ಮೇಲೆ ವಾಹಿನಿಯ ಹೆಸರೂ ಮೂಡುತ್ತಿತ್ತು. ಡಿಶ್ ಇಲ್ಲದೆ ಇದೆಲ್ಲ ಹೇಗೆ ಸಾಧ್ಯವಾಯಿತು? ಈಗ ಸರಿಪಡಿಸಬಹುದೇ?
– ಓದುಗರು, ವಿದ್ಯಾನಗರ, ಮಂಡ್ಯ

ಉತ್ತರ: ಸರಿಪಡಿಸುವ ಮಾತು ಬಿಡಿ. ಭಾರತದಲ್ಲಿ ಆ ಸೇವೆ 2009ರ ಡಿಸೆಂಬರ್ 31ಕ್ಕೆ ನಿಂತಿತು. ಯಾರಾದರೂ ರಿಪೇರಿ ಮಾಡಿಕೊಡುತ್ತೇವೆಂದರೆ ದುಡ್ಡು ಕೊಡಬೇಡಿ. ಪೆಟ್ಟಿಗೆ ಸರಿಯಾಗಿಯೇ ಇದ್ದರೂ ಅದಕ್ಕೆ ಕಳುಹಿಸುವವರಿಲ್ಲ.

2000ದ ಮಾರ್ಚ್‌ನಲ್ಲಿ ಉಡಾಯಿಸಿದ ಏಷ್ಯಾಸ್ಟಾರ್ ಉಪಗ್ರಹ ಸಮಭಾಜಕದ ಮೇಲೆ ಸುಮಾರು 36,000 ಕಿ.ಮೀ. ಎತ್ತರದಲ್ಲಿ, 105 ಡಿಗ್ರಿ ಪೂರ್ವ ರೇಖಾಂಶದಲ್ಲಿತ್ತು. ಮಂಡ್ಯದವರಿಗೆ ಅದು ಪೂರ್ವದಿಂದ ತುಸು ದಕ್ಷಿಣಕ್ಕೆ ವಾಲಿದ ದಿಕ್ಕು. ಹಾಗಾಗಿ ಪಡುವಣ ಕಿಟಕಿಯಲ್ಲಿಟ್ಟವರಿಗೆ ಏನೂ ಕೇಳಿಸುತ್ತಿರಲಿಲ್ಲ. ಮೂಡಣ ಕಿಟಕಿಯೆದುರು ದಟ್ಟ ಮರವಿದ್ದರೂ ಹಾಡು ತುಂಡಾಗುತ್ತಿತ್ತು.

ಡಿಶ್ ಬೇಡವಾದದ್ದಕ್ಕೆ ಮುಖ್ಯ ಕಾರಣ ಹೊರೆ ಕಡಿಮೆಯಿದ್ದದ್ದು. ಟಿವಿ ಉಪಗ್ರಹದ ಒಂದೊಂದು ತರಂಗವೂ ಸೆಕೆಂಡಿಗೆ ಕೋಟಿಗಟ್ಟಲೆ ಬಿಟ್ (ಸೊನ್ನೆ ಇಲ್ಲವೇ ಒಂದು ಎಂಬ ಗುರುತು) ಹೊತ್ತು ತರುತ್ತದೆ. ಅಷ್ಟನ್ನು ತಪ್ಪಿಲ್ಲದೆ ಹಿಡಿಯಲು ದೊಡ್ಡ ತಟ್ಟೆ ಬೇಕು. ಇಲ್ಲಿ ಎಲ್ ಬ್ಯಾಂಡ್ ಎಂಬ ಆವರ್ತನ ಪಟ್ಟಿಯ ಒಂದು ತರಂಗ ಹೊರುತ್ತಿದ್ದ ಸರಕು ಸೆಕೆಂಡಿಗೆ ಸುಮಾರು 15 ಲಕ್ಷ ಬಿಟ್ ಮಾತ್ರ. ಸಿಡಿಯ ಹಾಡನ್ನು ಹಾಗೆಯೇ ಕಳುಹಿಸಿದ್ದರೆ ಒಂದೇ ಹಾಡು 14 ಲಕ್ಷ ನುಂಗುತ್ತಿತ್ತು! ಎಂಪಿ3 ತಂತ್ರದಿಂದ ಧ್ವನಿಯನ್ನು ಹಿಂಡಿದ್ದರಿಂದಲೇ ಹತ್ತಾರು ವಾಹಿನಿಗಳು ಅದರಲ್ಲಿ ಹಿಡಿಸಿದವು. ಇಡೀ ತರಂಗವನ್ನು 16 ಸಾವಿರ ಬಿಟ್‌ಗಳ 96 ಪಾಲು ಮಾಡಿದ್ದರು. ಮಾತಿನ ವಾಹಿನಿಗೆ ಒಂದು ಪಾಲು ಸಾಕು, ಒಳ್ಳೆಯ ಸ್ಟೀರಿಯೊ ಸಂಗೀತಕ್ಕೆ ಎಂಟು ಬೇಕು.

ಪಾಲುಗಳೆಲ್ಲ ಸಕ್ಕರೆ ಕಾರ್ಖಾನೆಯೆದುರಿನ ಕಬ್ಬಿನ ಗಾಡಿಗಳಂತೆ ಸಾಲಾಗಿ ಬರುತ್ತಿದ್ದವು, ಪ್ರತಿಯೊಂದಕ್ಕೂ ಚೀಟಿ ಅಂಟಿಸಿರುತ್ತಿತ್ತು. ನೀವು ವಾಹಿನಿ ಬದಲಿಸಿದಾಗ ರೇಡಿಯೊ ಬೇರೆ ಚೀಟಿಯ ಗಾಡಿಗಳನ್ನು ಆರಿಸಿಕೊಳ್ಳುತ್ತಿತ್ತು, ಅಷ್ಟೇ. ಒಳಗಿರುವುದು ಬರೀ ಸೊನ್ನೆ–ಒಂದು. ಆದ್ದರಿಂದ ಹಾಡಿನ ಜೊತೆಗೆ ಅಕ್ಷರವಷ್ಟೇ ಅಲ್ಲ, ಚಿತ್ರವನ್ನೋ ಕಡತವನ್ನೋ ತುಂಬಿದರೂ ನಡೆಯುತ್ತಿತ್ತು. ಅವನ್ನು ಕಂಪ್ಯೂಟರ್‌ಗೆ ಇಳಿಸಿಕೊಳ್ಳುವ ಅಡಾಪ್ಟರ್‌ಗಳೂ ಇದ್ದವು. ತೊಡಕೆಂದರೆ ಇದು ಏಕಮುಖ ಸಂಚಾರ. ಒಂದು ತುಣುಕು ತಪ್ಪಿಹೋದರೆ ‘ಮತ್ತೆ ಕಳುಹಿಸಿ’ ಎಂದು ಕೇಳುವ ದಾರಿಯಿಲ್ಲ. ಅದಕ್ಕೇ ಇಂಥ ಪ್ರಸಾರದಲ್ಲಿ ಕಡತಗಳನ್ನು ಸುತ್ತುಸುತ್ತಾಗಿ ಮತ್ತೆ ಮತ್ತೆ ಕಳುಹಿಸುತ್ತಾರೆ.

ಮನೆಯಲ್ಲಿ ಡಿಡಿ ಫ್ರೀ ಡಿಶ್ ಇದ್ದರೆ ಅದರ ರೇಡಿಯೊ ವಿಭಾಗ ತೆರೆಯಿರಿ. ಆಕಾಶವಾಣಿಯ ಹಲವು ವಾಹಿನಿಗಳು ಉಪಗ್ರಹದಿಂದಲೇ ಬರುತ್ತವೆ. ತಂದೆಯವರ ಪೆಟ್ಟಿಗೆಯಲ್ಲಿ ಆಡಿಯೊ ಇನ್ ಕಿಂಡಿ ಇದ್ದರೆ ಅದನ್ನು ಸ್ಪೀಕರ್ ಆಗಿ ಬಳಸಿಕೊಳ್ಳಬಹುದು.