ಮಸಲ್ ಕಾರು ಭಾರವಾದದ್ದು ಬಿಸಿಯಾಗುವ ಸೀಟುಗಳಿಂದಲ್ಲ

2024ರ ಫೋರ್ಡ್ ಮಸ್ಟ್ಯಾಂಗ್ ಜಿಟಿ ಅಥವಾ ಬಳಸಿದ ಡಾಡ್ಜ್ ಚಾಲೆಂಜರ್ ಸ್ಕ್ಯಾಟ್ ಪ್ಯಾಕ್, ಇವೆರಡರಲ್ಲಿ ಒಂದನ್ನು ಕೊಳ್ಳಲು ಯೋಚಿಸುತ್ತಿದ್ದೀರಿ ಎಂದು ಬರೆದಿದ್ದೀರಿ. ಬಿಸಿಯಾಗುವ ಸೀಟು, ಸನ್‌ರೂಫ್, ದೊಡ್ಡ ಪರದೆ ಮುಂತಾದ ಸೌಕರ್ಯಗಳು ಇಂದಿನ ಮಸಲ್ ಕಾರುಗಳನ್ನು (ಬಲಿಷ್ಠ ಎಂಜಿನ್ನಿನ ಅಮೆರಿಕನ್ ಕಾರುಗಳನ್ನು) ಭಾರವಾಗಿಸಿ ಮಂಕಾಗಿಸಿವೆಯೇ, ಅವು ಕಡಿಮೆ ಇರುವ ಮಾದರಿಯನ್ನೇ ಆರಿಸಿಕೊಳ್ಳಬೇಕೇ ಎಂಬುದು ನಿಮ್ಮ ಪ್ರಶ್ನೆ. ನಾನು ಹಲವು ವರ್ಷಗಳಿಂದ ಡೆಟ್ರಾಯಿಟ್ ಬಳಿ ನೆಲೆಸಿ, ವಾಹನಗಳ ಸಸ್ಪೆನ್ಷನ್ (ಚಕ್ರಗಳನ್ನು ಕಾರಿಗೆ ಜೋಡಿಸಿ ಕುಲುಕಾಟ ತಗ್ಗಿಸುವ ವ್ಯವಸ್ಥೆ) ವಿಭಾಗದಲ್ಲಿ ಕೆಲಸ ಮಾಡುತ್ತಿದ್ದೇನೆ. ತೂಕದಿಂದ ಈ ಕಾರುಗಳಿಗೆ ತೊಂದರೆ ಆಗುತ್ತಿರುವುದು ನಿಜ. ಆದರೆ ಆ ತೂಕದ ಬಹುಪಾಲು ಸೌಕರ್ಯಗಳಿಂದ ಬಂದದ್ದಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ನೀವು ಹೆಸರಿಸಿದ ಎರಡು ಕಾರುಗಳನ್ನೇ ನೋಡೋಣ. ಮಸ್ಟ್ಯಾಂಗ್ ಜಿಟಿಯ ಎಂಜಿನ್ 480 ಅಶ್ವಶಕ್ತಿಯದು, ಕಾರಿನ ತೂಕ ಸುಮಾರು 1,735 ಕಿಲೋ. ಸ್ಕ್ಯಾಟ್ ಪ್ಯಾಕ್‌ನ 6.4 ಲೀಟರ್ ಎಂಜಿನ್ 485 ಅಶ್ವಶಕ್ತಿಯದು, ತೂಕ ಸುಮಾರು 1,920 ಕಿಲೋ. ಸೌಕರ್ಯಗಳ ವಿಷಯದಲ್ಲಿ ಎರಡಕ್ಕೂ ಹೇಳಿಕೊಳ್ಳುವಂಥ ಅಂತರವಿಲ್ಲ. ಹಾಗಿದ್ದರೂ 185 ಕಿಲೋ ಹೆಚ್ಚಾದದ್ದು ಹೇಗೆ? ಚಾಲೆಂಜರ್ ಐದು ಮೀಟರಿಗೂ ತುಸು ಹೆಚ್ಚು ಉದ್ದವಿದೆ, ಮಸ್ಟ್ಯಾಂಗ್ 4.8 ಮೀಟರ್ ಮಾತ್ರ. ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರವೂ ಚಾಲೆಂಜರ್‌ನಲ್ಲಿ 23 ಸೆಂಟಿಮೀಟರಿನಷ್ಟು ಹೆಚ್ಚು. 2008ರಲ್ಲಿ ಮರುಹುಟ್ಟು ಪಡೆದಾಗ ಅದನ್ನು ಕಟ್ಟಿದ್ದು ಡಾಡ್ಜ್ ಚಾರ್ಜರ್ ಎಂಬ ನಾಲ್ಕು ಬಾಗಿಲಿನ ದೊಡ್ಡ ಕಾರಿನ ತಳಹದಿಯ ಮೇಲೆ, ಅದನ್ನೇ ತುಸು ಮೊಟಕುಗೊಳಿಸಿ. ಅದರ ಹಿಂದಿನ ಸೀಟಿನಲ್ಲಿ ದೊಡ್ಡವರು ಕೂರಬಲ್ಲರು, ಡಿಕ್ಕಿಯಲ್ಲಿ ಇಡೀ ಕುಟುಂಬದ ಸಾಮಾನು ಹಿಡಿಸುತ್ತದೆ. ಆ ಜಾಗಕ್ಕೆ ಬೇಕಾದ ಉಕ್ಕನ್ನು ಕಾರು ಹೋದಲ್ಲೆಲ್ಲ ಹೊತ್ತೊಯ್ಯಲೇಬೇಕು.

ಇದರ ಮೇಲೆ ಸುರಕ್ಷತೆಯ ತೂಕವಿದೆ. 1964ರ ಏಪ್ರಿಲ್‌ನಲ್ಲಿ ಬಂದ ಮೊದಲ ಮಸ್ಟ್ಯಾಂಗ್ ಎಂಜಿನ್‌ಗೆ ತಕ್ಕಂತೆ 1,100ರಿಂದ 1,300 ಕಿಲೋ ಆಸುಪಾಸು ತೂಗುತ್ತಿತ್ತೆಂದು ಹಳಬರು ಇಂದಿಗೂ ನೆನೆಯುತ್ತಾರೆ. ಆ ಕಾರಿನಲ್ಲಿ ಏರ್‌ಬ್ಯಾಗ್ ಇರಲಿಲ್ಲ, ಬಾಗಿಲಿನೊಳಗೆ ಅಡ್ಡಪಟ್ಟಿ ಇರಲಿಲ್ಲ, ಮಗುಚಿದರೆ ತಾಳಿಕೊಳ್ಳುವಂಥ ಚಾವಣಿಯೂ ಇರಲಿಲ್ಲ. ಅಮೆರಿಕದ ಕಾನೂನು ಒಂದೊಂದಾಗಿ ಕಡ್ಡಾಯಗೊಳಿಸುತ್ತಾ ಬಂದ ಈ ಅಂಶಗಳಿಂದ ಎಷ್ಟೋ ಜೀವಗಳು ಉಳಿದಿವೆ. ಇವುಗಳ ತೂಕವನ್ನು ಸೌಕರ್ಯದ ಲೆಕ್ಕಕ್ಕೆ ಬರೆಯುವುದು ನ್ಯಾಯವಲ್ಲ.

ಮೂರನೆಯ ಕಾರಣವನ್ನು ಕಾರು ಪ್ರಿಯರು ಒಪ್ಪಿಕೊಳ್ಳಲು ಹಿಂಜರಿಯುತ್ತಾರೆ: ಶಕ್ತಿಯೇ ತೂಕವನ್ನು ಎಳೆದು ತರುತ್ತದೆ. ಎಂಜಿನ್ ಬಲ ಹೆಚ್ಚಿದಂತೆ ಅದನ್ನು ತಾಳುವ ಗೇರ್‌ಬಾಕ್ಸ್ ಮತ್ತು ಆಕ್ಸಲ್ ದಪ್ಪವಾಗಬೇಕು, ರೇಡಿಯೇಟರ್ ದೊಡ್ಡದಾಗಬೇಕು, ಟಯರ್ ಅಗಲವಾಗಬೇಕು. ಅಗಲ ಟಯರಿಗೆ ಭಾರದ ಚಕ್ರ, ಹೆಚ್ಚಿದ ವೇಗಕ್ಕೆ ದೊಡ್ಡ ಬ್ರೇಕ್, ಇವೆಲ್ಲವನ್ನೂ ಹೊರಲು ಇನ್ನಷ್ಟು ಗಟ್ಟಿಯಾದ ಚೌಕಟ್ಟು. ಹೀಗೆ ಭಾರವಾದ ಕಾರನ್ನು ಮತ್ತೆ ಚುರುಕುಗೊಳಿಸಲು ಇನ್ನಷ್ಟು ಶಕ್ತಿ ತುಂಬುತ್ತಾರೆ. 707 ಅಶ್ವಶಕ್ತಿಯ 2015ರ ಚಾಲೆಂಜರ್ ಹೆಲ್‌ಕ್ಯಾಟ್ ಎರಡು ಟನ್ ದಾಟಿದ್ದು ಈ ದಾರಿಯಲ್ಲೇ.

ಸೌಕರ್ಯಗಳನ್ನು ಕಿತ್ತುಹಾಕಿದರೆ ಎಷ್ಟು ಇಳಿಯುತ್ತದೆ ಎಂಬುದಕ್ಕೆ ಷೆವರ್ಲೆಯ 2014ರ ಕಮಾರೊ ಝಡ್/28 ಒಳ್ಳೆಯ ಸಾಕ್ಷಿ. ಅದನ್ನು ರೂಪಿಸಿದವರು ಎಸಿಯನ್ನು ಐಚ್ಛಿಕಗೊಳಿಸಿದರು, ಶಬ್ದ ತಡೆಯುವ ಹೊದಿಕೆಗಳ ಬಹುಭಾಗವನ್ನು ತೆಗೆದರು, ಸೀಟ್ ಬೆಲ್ಟ್ ಎಚ್ಚರಿಕೆಯ ದನಿಗೆಂದು ಒಂದೇ ಒಂದು ಸ್ಪೀಕರ್ ಉಳಿಸಿಕೊಂಡರು, ಹಿಂದಿನ ಗಾಜಿನ ದಪ್ಪವನ್ನು 3.5 ಮಿಲಿಮೀಟರಿನಿಂದ 3.2ಕ್ಕೆ ಇಳಿಸಿದರು. ಆ ಶ್ರದ್ಧೆಯ ಬಗ್ಗೆ ನನಗೆ ಅಪಾರ ಗೌರವವಿದೆ. ಸೂಪರ್‌ಚಾರ್ಜರ್ (ಎಂಜಿನ್ನಿಗೆ ಹೆಚ್ಚು ಗಾಳಿಯನ್ನು ಒತ್ತಿ ತುಂಬುವ ಸಾಧನ) ಇದ್ದ ಕಮಾರೊ ಝಡ್‌ಎಲ್1ಗಿಂತ ಅದು ಸುಮಾರು 135 ಕಿಲೋ ಹಗುರವಾಗಿತ್ತು. ಆದರೆ ಸೂಪರ್‌ಚಾರ್ಜರ್ ಇಲ್ಲದಿದ್ದುದು, ಹಗುರವಾದ ಕಾರ್ಬನ್ ಸೆರಾಮಿಕ್ ಬ್ರೇಕ್, ಚಿಕ್ಕ ಚಕ್ರ ಇವುಗಳ ಪಾಲೂ ಅದರಲ್ಲಿ ಸೇರಿದೆ. ಅಷ್ಟೆಲ್ಲ ಮಾಡಿದ ಮೇಲೂ ಕಾರು 1,700 ಕಿಲೋಗಿಂತ ಕೆಳಗಿಳಿಯಲಿಲ್ಲ. 2016ರ ಹೊಸ ಕಮಾರೊ ಎಸ್‌ಎಸ್‌ನ ಕಥೆಯೇ ಬೇರೆ. ಅದರಲ್ಲಿ ಬಿಸಿಯಾಗುವ, ತಂಪಾಗುವ ಸೀಟುಗಳೂ ದೊರೆಯುತ್ತಿದ್ದವು, ಪರದೆಯೂ ಇತ್ತು, ಎಸಿಯೂ ಇತ್ತು. ಆದರೂ ಚಿಕ್ಕದಾದ, ಚೆನ್ನಾಗಿ ವಿನ್ಯಾಸಗೊಂಡ ತಳಹದಿಯ ಮೇಲೆ ಕಟ್ಟಿದ್ದರಿಂದ ಹಿಂದಿನ ತಲೆಮಾರಿನ ಎಸ್‌ಎಸ್‌ಗಿಂತ 90 ಕಿಲೋಗೂ ಹೆಚ್ಚು ಇಳಿದು ಸುಮಾರು 1,670 ಕಿಲೋಗೆ ಬಂತು. ನನ್ನ ಅಭಿಪ್ರಾಯಕ್ಕೆ ಇದಕ್ಕಿಂತ ಬಲವಾದ ಆಧಾರ ಬೇಕಿಲ್ಲ.

ಸೌಕರ್ಯವೆಂದು ನಾವು ಕರೆಯುವ ಕೆಲವು ಅಂಶಗಳು ವೇಗಕ್ಕೂ ನೆರವಾಗುತ್ತವೆ. 2015ರಲ್ಲಿ ಮಸ್ಟ್ಯಾಂಗ್‌ನ ಎಲ್ಲ ಮಾದರಿಗಳಿಗೂ ಹಿಂದಿನ ಎರಡು ಚಕ್ರಗಳು ಸ್ವತಂತ್ರವಾಗಿ ಏರಿಳಿಯುವ ಸಸ್ಪೆನ್ಷನ್ ಬಂದಾಗ ಸವಾರಿ ಹಿತವಾಯಿತು, ಹಾಗೆಯೇ ಹದಗೆಟ್ಟ ತಿರುವಿನಲ್ಲೂ ಟಯರ್ ನೆಲ ಬಿಡದಂತಾಯಿತು. ಕಾಂತಕ್ಷೇತ್ರದಿಂದ ದ್ರವದ ಬಿಗಿತ ಬದಲಿಸುವ ಶಾಕ್ ಅಬ್ಸಾರ್ಬರ್‌ಗಳೂ ಇದೇ ಬಗೆಯವು. 2018ರ ಮಸ್ಟ್ಯಾಂಗ್‌ಗೆ ಬಂದ ಹತ್ತು ಗೇರಿನ ಆಟೋಮ್ಯಾಟಿಕ್, ಮ್ಯಾನ್ಯುವಲ್‌ಗಿಂತ ಬೇಗ ಕಾರನ್ನು ಮುಂದೊಯ್ಯುತ್ತದೆ. ಎಸಿಯ ಮಾತು ಇನ್ನೂ ಸ್ವಾರಸ್ಯಕರವಾದದ್ದು. 2018ರ ಚಾಲೆಂಜರ್ ಡೀಮನ್‌ನಲ್ಲಿ ತೂಕ ಇಳಿಸಲೆಂದು ಪಕ್ಕದ ಸೀಟನ್ನೂ ಹಿಂದಿನ ಸೀಟನ್ನೂ ತೆಗೆದು, ಬೇಕೆಂದವರಿಗೆ ತಲಾ ಒಂದು ಡಾಲರಿಗೆ ಕೊಟ್ಟರು; ಎಸಿಯನ್ನು ಮಾತ್ರ ಉಳಿಸಿಕೊಂಡರು. ಡ್ರ್ಯಾಗ್ ಓಟದ (ನೇರ ದಾರಿಯಲ್ಲಿ ಅಲ್ಪ ದೂರದ ವೇಗಸ್ಪರ್ಧೆ) ವೇಳೆ ಅದರ ತಂಪನ್ನು ಕ್ಯಾಬಿನ್ನಿನ ಬದಲು ಎಂಜಿನ್ನಿಗೆ ಹೋಗುವ ಗಾಳಿಯನ್ನು ತಣಿಸುವುದಕ್ಕೆ ತಿರುಗಿಸಿದ್ದರು.

ಇನ್ನು ತೂಕದ ಪರಿಣಾಮ. ನೇರ ರಸ್ತೆಯಲ್ಲಿ ಅಶ್ವಶಕ್ತಿ ಅದನ್ನು ಮರೆಮಾಡುತ್ತದೆ, ಬ್ರೇಕ್ ಒತ್ತಿದಾಗ ಮರೆಮಾಡಲಾಗುವುದಿಲ್ಲ. ಗಂಟೆಗೆ 200 ಕಿಲೋಮೀಟರ್ ವೇಗದಿಂದ ನಿಲ್ಲುವಾಗ ಆ 185 ಕಿಲೋ ಹೆಚ್ಚುವರಿ ತೂಕದಿಂದ ಹುಟ್ಟುವ ಶಾಖವೊಂದೇ ಒಂದು ಲೀಟರ್ ನೀರಿನ ಬಿಸಿಯನ್ನು ಸುಮಾರು 68 ಡಿಗ್ರಿ ಸೆಲ್ಸಿಯಸ್ ಏರಿಸಬಲ್ಲದು; ರೇಸ್ ಟ್ರ್ಯಾಕ್‌ನಲ್ಲಿ ಪ್ರತಿ ಸುತ್ತಿಗೂ ಹಲವು ಬಾರಿ ಇದು ನಡೆಯುತ್ತದೆ. ಹಿಂದೊಮ್ಮೆ ನನ್ನ ಭಾರದ ಕಾರನ್ನು ಟ್ರ್ಯಾಕ್‌ಗೆ ಒಯ್ದಿದ್ದಾಗ ಐದನೆಯ ಸುತ್ತಿಗೆ ಬ್ರೇಕ್ ಪೆಡಲ್ ಮೆತ್ತಗಾಗಿ ಕೆಳಗಿಳಿಯಿತು. ಬ್ರೇಕ್ ದ್ರವ ಕುದಿದಿತ್ತು. ಆ ಕ್ಷಣದ ಭಯ ಇಂದಿಗೂ ನೆನಪಿದೆ. ತಿರುವುಗಳಲ್ಲಿ ಇನ್ನೊಂದು ಸೂಕ್ಷ್ಮವಿದೆ: ಟಯರಿನ ಮೇಲೆ ಭಾರ ದುಪ್ಪಟ್ಟಾದರೆ ಅದರ ಹಿಡಿತ ದುಪ್ಪಟ್ಟಾಗುವುದಿಲ್ಲ, ಅದಕ್ಕಿಂತ ಕಡಿಮೆಯೇ ಹೆಚ್ಚುತ್ತದೆ. ಆದ್ದರಿಂದ ಟಯರ್ ಒಂದೇ ಆಗಿದ್ದರೂ ಭಾರದ ಕಾರು ತಿರುವಿನಲ್ಲಿ ಹಿಂದೆ ಬೀಳುತ್ತದೆ, ಟಯರೂ ಬೇಗ ಸವೆಯುತ್ತದೆ.

ತೂಕ ಎಲ್ಲಿ ಕುಳಿತಿದೆ ಎಂಬುದೂ ಮುಖ್ಯ. ಸೀಟಿನ ಮೋಟಾರುಗಳು ಕೆಳಗೆ, ಕಾರಿನ ನಡುವೆ ಇರುತ್ತವೆ, ಅವುಗಳಿಂದ ಕೆಡುಕಿಲ್ಲ. ಸನ್‌ರೂಫ್ ಕಾರಿನ ಅತಿ ಎತ್ತರದಲ್ಲಿ ಗಾಜನ್ನೂ ಮೋಟಾರನ್ನೂ ಸೇರಿಸುತ್ತದೆ, ತಲೆಯ ಮೇಲಿನ ಜಾಗವನ್ನೂ ಕಸಿಯುತ್ತದೆ. ಹೆಲ್ಮೆಟ್ ಧರಿಸುವ ಉದ್ದೇಶವಿದ್ದರೆ ಅದನ್ನು ಬಿಡಿ. ಸಸ್ಪೆನ್ಷನ್ನಿನ ಕೆಳಗೆ ತೂಗುವ ದೊಡ್ಡ ಚಕ್ರಗಳನ್ನು ನೋಟಕ್ಕಾಗಿ ಆರಿಸಿಕೊಳ್ಳುವುದು ಇನ್ನೂ ದುಬಾರಿ ತಪ್ಪು, ಏಕೆಂದರೆ ಅಲ್ಲಿಯ ಪ್ರತಿ ಕಿಲೋ ರಸ್ತೆಗುಂಡಿಯಲ್ಲೂ ಗೊತ್ತಾಗುತ್ತದೆ, ವೇಗ ಹೆಚ್ಚಿಸುವಾಗಲೂ ಗೊತ್ತಾಗುತ್ತದೆ.

ಬಿಸಿಯಾಗುವ ಸೀಟನ್ನು ನಿಸ್ಸಂಕೋಚವಾಗಿ ತೆಗೆದುಕೊಳ್ಳಿ. ಮಕ್ಕಳನ್ನು ಕೂರಿಸಿಕೊಂಡು ದೂರ ಪ್ರಯಾಣ ಮಾಡುವುದೇ ಹೆಚ್ಚೆಂದಾದರೆ ಚಾಲೆಂಜರ್ ನಿಮ್ಮನ್ನು ನಿರಾಶೆಗೊಳಿಸದು. ಅಂಕುಡೊಂಕಿನ ರಸ್ತೆ ಮತ್ತು ಟ್ರ್ಯಾಕ್ ನಿಮ್ಮ ಆಸೆಯಾಗಿದ್ದರೆ ಮಸ್ಟ್ಯಾಂಗ್ ಕೊಳ್ಳಿ. ಮೊದಲ ಟ್ರ್ಯಾಕ್ ದಿನಕ್ಕೆ ಮುನ್ನ ಹೆಚ್ಚು ಶಾಖ ತಾಳುವ ಬ್ರೇಕ್ ದ್ರವ ಮತ್ತು ಪ್ಯಾಡ್‌ಗಳನ್ನು ತಪ್ಪದೆ ಹಾಕಿಸಿ.