ಡೊಂಬಿವಲಿಯಿಂದ ನ್ಯೂವಾರ್ಕಿಗೆ ಎಷ್ಟು ಗಂಟೆ?

ಆಗಸ್ಟಿನಲ್ಲಿ ನ್ಯೂಜೆರ್ಸಿಗೆ ಓದಲು ಬರುತ್ತಿದ್ದೇನೆ, ಮುಂಬೈಯಿಂದ ನ್ಯೂವಾರ್ಕಿಗೆ ಎಷ್ಟು ದೂರ, ಬಾಡಿಗೆ ಹೇಗೆ, ಚಳಿ ಹೇಗೆ, ಏನಾದರೂ ಆದರೆ ಒಂದೇ ದಿನದಲ್ಲಿ ಮನೆ ಮುಟ್ಟಬಹುದಾ ಅಂತ ಕೇಳಿದ್ದೀಯಲ್ಲ ತಂಗಿ. ನೀನೂ ಡೊಂಬಿವಲಿಯವಳು ಅಂತ ತಿಳಿದು ಖುಷಿಯಾಯಿತು.

ದೂರ ಸುಮಾರು 12,500 ಕಿಲೋಮೀಟರ್. ನೇರ ವಿಮಾನವಾದರೆ ಬರುವಾಗ 16 ಗಂಟೆ ಹತ್ತಿರ. ಕುರ್ಲಾದಲ್ಲಿ ಮತ್ಸ್ಯಗಂಧ ರೈಲು ಹತ್ತಿ ಮಂಗಳೂರಲ್ಲಿ ಇಳಿಯುವಷ್ಟು ಹೊತ್ತು ಅಂದುಕೋ, ರತ್ನಾಗಿರಿಯ ವಡಾಪಾವ್ ಮಾತ್ರ ಇರಲ್ಲ. ಊರಿಗೆ ಹೋಗುವಾಗ ಮೇಲಿನ ಗಾಳಿ ಹಿಂದಿನಿಂದ ತಳ್ಳುತ್ತದೆ, ಒಂದೆರಡು ಗಂಟೆ ಉಳಿಯುತ್ತದೆ. ಗಲ್ಫಲ್ಲೋ ಯುರೋಪಲ್ಲೋ ಇಳಿದು ಹತ್ತಿದರೆ 20–24 ಗಂಟೆ. 1997ರಲ್ಲಿ ನಾನು ಬಂದಾಗ ನೇರ ವಿಮಾನವೇ ಇರಲಿಲ್ಲ. ರಾತ್ರಿ ಒಂದೂವರೆಯ ವಿಮಾನಕ್ಕೆ ಅಪ್ಪ ಸಂಜೆ ಆರಕ್ಕೇ ಟ್ಯಾಕ್ಸಿ ತಂದು ನಿಲ್ಲಿಸಿದ್ದರು. ಸಹಾರ್ ತಲುಪಿ ಅಲ್ಲಿ ಸುಮ್ನೆ ನಿಂತಿದ್ದೇ ಜಾಸ್ತಿ.

ಬಾಡಿಗೆಗೆ ನಾಲ್ಕು ಜನ ಸೇರಿ ಮನೆ ಹಿಡಿಯಿರಿ. ಜಾಕೆಟ್ ಇಲ್ಲೇ ತಗೋ, ಹೊತ್ತು ತರಬೇಡ. ಎಡಿಸನ್ನಿನ ಓಕ್ ಟ್ರೀ ರೋಡಿಗೆ ಹೋದರೆ ಇಡ್ಲಿ ರವೆಯೂ ಸಿಗುತ್ತದೆ.

ಇನ್ನು ಒಂದೇ ದಿನದಲ್ಲಿ ಮನೆ ಮುಟ್ಟುವ ಮಾತು. ನಾನೂ ಹಾಗೇ ಲೆಕ್ಕ ಹಾಕಿಕೊಂಡಿದ್ದೆ. 2009ರಲ್ಲಿ ಇಲ್ಲಿನ ಪೌರತ್ವ ತಗೊಂಡೆ. ಭಾರತದ ಪಾಸ್‌ಪೋರ್ಟ್ ಹೋಯಿತು. ಪ್ರತಿ ಸಲ ವೀಸಾ ಕೇಳದೆ ಊರಿಗೆ ಹೋಗಿಬರಲು ಒಸಿಐ ಕಾರ್ಡ್ ಮಾಡಿಸಬೇಕಿತ್ತು. ಫಾರಂ ತುಂಬಿ, ಫೋಟೊ ಅಂಟಿಸಿ, ಮೇಜಿನ ಡ್ರಾಯರಿನಲ್ಲಿ ಇಟ್ಟೆ. ಅದು ಅಲ್ಲೇ ಇತ್ತು.

2011ರ ಜನವರಿ, ಶುಕ್ರವಾರ ರಾತ್ರಿ ಅಣ್ಣನ ಫೋನು. ಅಪ್ಪ ಹೋದರು. ಟಿಕೆಟ್ ಅರ್ಧ ಗಂಟೆಯಲ್ಲಿ ಸಿಕ್ಕಿತು. ನನ್ನ ಮನೆಗೆ ಹೋಗಲು ನನ್ನ ಹತ್ತಿರ ವೀಸಾ ಇರಲಿಲ್ಲ. ಶನಿವಾರ, ಭಾನುವಾರ ಕಚೇರಿ ಬಾಗಿಲು ಹಾಕಿತ್ತು, ಸೋಮವಾರ ಇಲ್ಲಿ ಸರ್ಕಾರಿ ರಜೆ. ಕಾಯಬೇಡಿ, ಮುಗಿಸಿಬಿಡಿ ಅಂತ ಅಣ್ಣನಿಗೆ ನಾನೇ ಹೇಳಿದೆ. ಡೊಂಬಿವಲಿ ಮುಟ್ಟಿದಾಗ ಗುರುವಾರ ರಾತ್ರಿ. ಬೊಜ್ಜಕ್ಕೆ, ಅಂದರೆ ಉತ್ತರಕ್ರಿಯೆಗೆ ಸಿಕ್ಕಿದೆ, ಅಷ್ಟೇ.

ನೀನು ಓದಲು ಬರುವವಳು, ನಿನ್ನ ಕಾಗದಗಳು ಬೇರೆ. ಊರಿಗೆ ಹೋದವಳು ವಾಪಸ್ ಬರಬೇಕಾದರೆ ಐ-20ಯಲ್ಲಿ, ಅಂದರೆ ವಿದ್ಯಾರ್ಥಿ ವೀಸಾಕ್ಕೆಂದು ಕಾಲೇಜು ಕೊಡುವ ಕಾಗದದಲ್ಲಿ, ಕಾಲೇಜಿನ ಸಹಿ ಬೇಕು. ಅದು ಒಂದು ವರ್ಷ ನಡೆಯುತ್ತದೆ. ಊರಿಗೆ ಹೋಗುವ ಯೋಚನೆ ಇಲ್ಲದಿದ್ದರೂ ಹಾಕಿಸಿಟ್ಟುಕೋ. ವೀಸಾ ಸ್ಟ್ಯಾಂಪಿನ ತಾರೀಕು ಬಾಯಿಪಾಠ ಇರಲಿ.

ಹೊರಡುವ ಮುಂಚೆ ಅಪ್ಪ ಅಮ್ಮನಿಗೆ ಗಂಟೆಯ ವ್ಯತ್ಯಾಸ ಹೇಳಿಕೊಡು. ಇಲ್ಲಿ ವರ್ಷಕ್ಕೆ ಎರಡು ಸಲ ಗಡಿಯಾರ ತಿರುಗಿಸುತ್ತಾರೆ, ಅವರಿಗೆ ಗೊಂದಲ ಆಗುತ್ತದೆ. ನಮ್ಮ ಅಡುಗೆಮನೆಯ ಕಾಲನಿರ್ಣಯ ಕ್ಯಾಲೆಂಡರಿನ ಮೂಲೆಯಲ್ಲಿ ಅಪ್ಪ ಪೆನ್ಸಿಲಿನಿಂದ ಬರೆದಿಟ್ಟಿದ್ದರು: ಬೇಸಿಗೆ 9½, ಚಳಿ 10½. ಆ ಜನವರಿಯಲ್ಲಿ ಹೋಗಿ ನೋಡಿದರೆ, ಹೊಸ ಕ್ಯಾಲೆಂಡರಿಗೂ ಅದನ್ನು ಆಗಲೇ ಇಳಿಸಿಕೊಂಡಿದ್ದರು.