ಗರಗಸದ ಮೇಣಕ್ಕೆ ಬಣ್ಣ ಬೇಡ, ಡಬ್ಬಿಗೆ ಹಚ್ಚಿ

ಗರಗಸದ ಮೇಣಕ್ಕೆ ಬಣ್ಣ ಬರಲೆಂದು ಮಕ್ಕಳ ಕ್ರೇಯಾನ್ ಹಾಕಬಹುದೇ ಎಂದು ಕೇಳಿದ್ದೀರಿ. ಬೇಡ. ಕ್ರೇಯಾನ್ ಮಾತ್ರವಲ್ಲ, ಮರಕ್ಕೆ ತಾಗುವ ಮೇಣಕ್ಕೆ ಯಾವ ಬಣ್ಣವೂ ಬೇಡ. ಜೇನುಮೇಣಕ್ಕೆ ಹರಳೆಣ್ಣೆ ಬೆರೆಸಿ ಗರಗಸಕ್ಕೂ ಮರ ಹೆರೆಯುವ ತೋಪಡಕ್ಕೂ ನೀವೇ ಮೇಣ ಮಾಡಿಕೊಳ್ಳುತ್ತೀರಿ, ಡಬ್ಬಿಗಳು ಅದಲುಬದಲಾಗುತ್ತವೆ, ಅಮೆರಿಕದಲ್ಲಿ ಬಂದೂಕಿನ ಸೀಸದ ಗುಂಡು ಎರಕ ಹೊಯ್ಯುವವರು ತಮ್ಮ ಮೇಣಕ್ಕೆ ಕೆಂಪು, ನೀಲಿ ಬೆರೆಸುವ ವಿಡಿಯೋ ನೋಡಿ ನಿಮಗೂ ಆಸೆಯಾಗಿದೆ. ಇಷ್ಟೂ ನನ್ನದೇ ಕಥೆ. ಮಂಡ್ಯದಿಂದ ನೀವು ಬರೆದದ್ದನ್ನು ಓದುವಾಗ ನನ್ನ ಹಳೆಯ ಕೆಲಸದ ಮಣೆಯೇ ಕಣ್ಣಮುಂದೆ ಬಂತು.

ನಾನು ಕೆಲಸ ಕಲಿತದ್ದು ಮೈಸೂರಿನ ಮಂಡಿ ಮೊಹಲ್ಲಾದಲ್ಲಿ, ಬೀಟೆ ಮರದ ಇನ್‌ಲೇ, ಅಂದರೆ ಮರದೊಳಗೆ ಬೇರೆ ಚೂರು ಕೂರಿಸಿ ಚಿತ್ರ ತೆಗೆಯುವ ಕೆಲಸ, ಮಾಡುವ ಒಂದು ಕಾರ್ಖಾನೆಯಲ್ಲಿ. ಅರಮನೆಯ ಅಂಬಾವಿಲಾಸದ ಬಾಗಿಲಲ್ಲಿ ಬೀಟೆಯೊಳಗೆ ದಂತ ಕೂರಿಸಿದ್ದನ್ನು ನೀವು ನೋಡಿರುತ್ತೀರಿ. ದಂತಕ್ಕೆ ನಿಷೇಧ ಬಂದ ಮೇಲೆ ಆ ಬಿಳುಪನ್ನು ಕೆಲವರು ಪ್ಲಾಸ್ಟಿಕ್‌ನಿಂದ ತಂದರು, ಕೆಲವರು ಬಿಳಿಯ ಮರದಿಂದಲೇ ತಂದರು. ನಮ್ಮ ಉಸ್ತಾದರು ಎರಡನೆಯವರು. ಬಿಳಿಗೆ ಹಾಲೆ, ಹಳದಿಗೆ ಹಲಸು, ಕಪ್ಪುಗೆಂಪಿಗೆ ಬೀಟೆ: ಮರಕ್ಕೆ ಹುಟ್ಟಿನಿಂದ ಬಂದ ಬಣ್ಣವೇ ಚಿತ್ರದ ಬಣ್ಣ. ಬಣ್ಣದ ಡಬ್ಬಿ ಆ ಕೋಣೆಯೊಳಗೆ ಬರುತ್ತಲೇ ಇರಲಿಲ್ಲ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದಿನದೆಲ್ಲ ಇದರ ಮೇಲೆ ನಿಂತಿದೆ.

ಆನೆಯ ಕಿವಿ, ಸೊಂಡಿಲು, ಹೂವಿನ ಎಸಳು ಇಂಥವನ್ನು ಕತ್ತರಿಸುವುದು ಕೂದಲೆಳೆಯಷ್ಟು ಸಣ್ಣ ಹಲ್ಲಿನ ಗರಗಸದಲ್ಲಿ. ಗಟ್ಟಿ ಬೀಟೆಯಲ್ಲಿ ತಿರುವು ತೆಗೆಯುವಾಗ ಅಲಗು ಕಾಯುತ್ತದೆ, ಕಚ್ಚಿಕೊಳ್ಳುತ್ತದೆ, ಪಟ್ಟನೆ ಮುರಿಯುತ್ತದೆ. ಅದಕ್ಕೇ ಮೇಣ. ಅಲಗಿನ ಬೆನ್ನಿಗೂ ಪಕ್ಕಕ್ಕೂ ಒಮ್ಮೆ ಸವರಿದರೆ ಗರಗಸದ ಸದ್ದೇ ಬದಲಾಗುತ್ತದೆ. ಕೀಚಲು ನಿಂತು ಮೆತ್ತನೆಯ ಒಂದು ಸರಸರ ಉಳಿಯುತ್ತದೆ. ನಮ್ಮಲ್ಲಿ ಮೂರು ಡಬ್ಬಿ ಇದ್ದವು. ಗರಗಸಕ್ಕೆ ಬರೀ ಜೇನುಮೇಣ, ತೋಪಡದ ತಳಕ್ಕೆ ಹರಳೆಣ್ಣೆ ಬೆರೆಸಿದ ಮೃದುವಾದ ಮೇಣ, ಮುಗಿದ ಸಾಮಾನಿನ ಮೇಲೆ ಉಜ್ಜಲು ಇನ್ನೊಂದು. ಮೂರೂ ಹಳದಿ. ಮೃದುವಾದದ್ದನ್ನು ಗರಗಸಕ್ಕೆ ಹಚ್ಚಿದರೆ ಪುಡಿಯೆಲ್ಲ ಹಲ್ಲಿಗೆ ಅಂಟಿ ಅಲಗು ಮುಚ್ಚಿಹೋಗುತ್ತಿತ್ತು. ಒಂದಕ್ಕಾದರೂ ಬಣ್ಣ ಹಾಕಿದರೆ ಗುರುತು ಸಿಗುತ್ತದೆ, ಮೇಣ ಎಲ್ಲಿ ಹತ್ತಿದೆ ಎಂದೂ ಕಾಣುತ್ತದೆ ಎಂಬುದು ನನ್ನ ಲೆಕ್ಕ. ನೀವು ಬರೆದದ್ದೂ ಇದನ್ನೇ.

ಕ್ರೇಯಾನ್‌ನಿಂದಲೇ ಶುರು ಮಾಡಿದೆ. ಅದರಲ್ಲಿರುವುದು ಕರಗುವ ಬಣ್ಣವಲ್ಲ, ಮೇಣದಲ್ಲಿ ತೇಲಿಸಿಟ್ಟ ನುಣ್ಣನೆಯ ಪುಡಿ. ಕರಗಿಸಿದಾಗ ಎಲ್ಲವೂ ಕೆಂಪಾಗಿ ಕಾಣುತ್ತದೆ, ಆರುವಷ್ಟರಲ್ಲಿ ಪುಡಿ ತಳಕ್ಕೆ ಕೂರುತ್ತದೆ. ಮೇಲೆ ಗುಲಾಬಿ, ಕೆಳಗೆ ಗಟ್ಟಿ ಕೆಂಪು. ಅಡುಗೆಯ ಬಣ್ಣ ಇನ್ನೂ ವ್ಯರ್ಥ. ಅದು ನೀರಿನಲ್ಲಿ ಕರಗುವ ಜಾತಿ, ಮೇಣದಲ್ಲಿ ಹನಿಹನಿಯಾಗಿ ಕೆಳಗೆ ನಿಲ್ಲುತ್ತದೆ. ಅರಿಶಿನ ಎಣ್ಣೆಗೆ ಬಣ್ಣ ಬಿಡುತ್ತದೆ ನಿಜ, ಆದರೆ ಹಳದಿಗೆ ಹಳದಿ ಸೇರಿಸಿ ಏನು ಗುರುತು? ಬೆಳಕಿಗೆ ಅದು ಮಾಸುತ್ತದೆ ಬೇರೆ. ಕಾವಿ, ಅಂದರೆ ಕೆಂಪು ಕಬ್ಬಿಣದ ಆಕ್ಸೈಡು, ಹಾಕುವ ಯೋಚನೆ ನಿಮಗೆ ಬಂದಿದ್ದರೆ ಅದನ್ನು ಇಲ್ಲಿಯೇ ಬಿಡಿ. ಅಕ್ಕಸಾಲಿಗರು ಚಿನ್ನಕ್ಕೆ ಹೊಳಪು ಕೊಡಲು ಉಜ್ಜುವ ಕೆಂಪು ಪುಡಿಯೂ ಅದೇ ವಸ್ತು. ಜಾರಲೆಂದು ಹಚ್ಚುವ ಮೇಣಕ್ಕೆ ಉಜ್ಜುವ ಪುಡಿ ಸೇರಿಸಬಾರದು.

ಕೊನೆಗೆ ಮೇಣದಬತ್ತಿ ಮಾಡುವವರೊಬ್ಬರಿಂದ ಎಣ್ಣೆಯಲ್ಲಿ ಕರಗುವ ಕೆಂಪು ಬಣ್ಣ ತಂದೆ. ಚಿಟಿಕೆ ಸಾಕಾಯಿತು. ತಳಕ್ಕೆ ಏನೂ ಕೂರಲಿಲ್ಲ, ಮೇಣ ತಳದವರೆಗೂ ಒಂದೇ ಸಮನಾದ ಕೆಂಪಾಗಿ ಗಟ್ಟಿಯಾಯಿತು. ನಾನು ಇದನ್ನು ಬೆರೆಸಿದ್ದು ಹರಳೆಣ್ಣೆ ಇರುವ ಮೃದು ಮೇಣಕ್ಕೆ. ನೋಡಲು ಚೆನ್ನಾಗಿದೆಯೆಂದು ಇನ್ನಷ್ಟು ಜೇನುಮೇಣ ಸೇರಿಸಿ ಗಟ್ಟಿ ಮಾಡಿಕೊಂಡು, ಅದನ್ನೇ ಗರಗಸಕ್ಕೂ ಹಚ್ಚತೊಡಗಿದೆ.

ಈಗ ತಪ್ಪಿನ ವಿಷಯ. ಇದನ್ನು ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ, ಏಕೆಂದರೆ ಕಥೆ ಕೇಳಿದವರೆಲ್ಲ ‘ಬಣ್ಣ ಹಾಕಿದ್ದೇ ತಪ್ಪು’ ಎಂದು ಮುಗಿಸಿಬಿಡುತ್ತಾರೆ. ನನ್ನ ಕೈಸುಟ್ಟದ್ದು ಬಣ್ಣಕ್ಕಿಂತ ಹೆಚ್ಚಾಗಿ ಪರೀಕ್ಷೆಯಲ್ಲಿ. ನಾನು ಪರೀಕ್ಷೆ ಮಾಡದೆ ಕೆಲಸಕ್ಕೆ ಇಳಿದವನಲ್ಲ. ಹಾಲೆ ಮರದ ಒಂದು ಚೂರನ್ನು ಕೆಂಪು ಮೇಣ ಹಚ್ಚಿದ ಗರಗಸದಲ್ಲಿ ಕತ್ತರಿಸಿದೆ. ಅಂಚನ್ನು ಒಣಬಟ್ಟೆಯಲ್ಲಿ ಒರೆಸಿದೆ, ಬಟ್ಟೆಗೆ ತುಸು ಕೆಂಪು ಬಂತು, ನಿಂತಿತು. ಒದ್ದೆ ಬಟ್ಟೆಯಲ್ಲಿ ಒರೆಸಿದೆ, ಏನೂ ಬರಲಿಲ್ಲ. ಚೂರನ್ನು ನೀರಿನ ಬಟ್ಟಲಲ್ಲಿ ರಾತ್ರಿಯಿಡೀ ನೆನೆಸಿದೆ, ಬೆಳಗ್ಗೆ ನೀರು ತಿಳಿಯಾಗಿಯೇ ಇತ್ತು. ಬಣ್ಣ ಬಿಡುವುದಿಲ್ಲ ಎಂದು ತೀರ್ಮಾನಿಸಿದೆ.

ಎಣ್ಣೆಯಲ್ಲಿ ಕರಗುವ ಬಣ್ಣ ನೀರಿನಲ್ಲಿ ಬಿಡುವುದಾದರೂ ಹೇಗೆ? ನೀರು ಕೊಟ್ಟ ಉತ್ತರಕ್ಕೆ ಬೆಲೆಯೇ ಇರಲಿಲ್ಲ. ಆ ಮರದ ಮೇಲೆ ಮುಂದೆ ಬೀಳುವುದು ನೀರಲ್ಲ, ಸ್ಪಿರಿಟ್. ನಮ್ಮದು ಫ್ರೆಂಚ್ ಪಾಲಿಶ್. ಅರಗನ್ನು ಸ್ಪಿರಿಟ್‌ನಲ್ಲಿ ಕರಗಿಸಿ, ಹತ್ತಿಯುಂಡೆಗೆ ಮೆತ್ತನೆಯ ಹಳೆಯ ಬಟ್ಟೆ ಸುತ್ತಿ, ಅದರಲ್ಲಿ ಅದ್ದಿ ಸುತ್ತಿಸುತ್ತಿ ಉಜ್ಜುವ ಕೆಲಸ. ಎಣ್ಣೆಯಲ್ಲಿ ಕರಗುವ ಬಣ್ಣಗಳಲ್ಲಿ ಹಲವು ಸ್ಪಿರಿಟ್‌ನಲ್ಲೂ ಕರಗುತ್ತವೆ. ಸಾಲದ್ದಕ್ಕೆ ಹರಳೆಣ್ಣೆ. ಕಡಲೆಕಾಯಿ ಎಣ್ಣೆ, ಎಳ್ಳೆಣ್ಣೆಗಳು ಸ್ಪಿರಿಟ್‌ನೊಂದಿಗೆ ಸುಲಭವಾಗಿ ಸೇರುವುದಿಲ್ಲ; ಹರಳೆಣ್ಣೆ ಸರಾಗವಾಗಿ ಸೇರುತ್ತದೆ. ಹೀಗೆ ಸ್ಪಿರಿಟ್ ತಾಗಿದ ಕೂಡಲೇ ಹರಳೆಣ್ಣೆ ತಾನೂ ಹೊರಟಿತು, ತನ್ನಲ್ಲಿದ್ದ ಬಣ್ಣವನ್ನೂ ಕರೆದುಕೊಂಡು ಹೊರಟಿತು. ಹೋಗುವ ದಾರಿಯೂ ಸಿದ್ಧವಾಗಿತ್ತು. ಗರಗಸ ಕಾದಾಗ ಮೇಣ ಕರಗಿ, ಕತ್ತರಿಸಿದ ಅಂಚಿನಲ್ಲಿ ಬಾಯಿ ತೆರೆದ ನಾರುಗಳೊಳಕ್ಕೆ ಇಳಿದಿರುತ್ತದೆ. ಮೇಲ್ಮೈಯನ್ನು ಎಷ್ಟು ಒರೆಸಿದರೂ ಅದು ಒಳಗೇ ಇರುತ್ತದೆ.

ಕೈಯಲ್ಲಿದ್ದದ್ದು ಜಂಬೂಸವಾರಿಯ ಫಲಕ, ನಿಮ್ಮ ಮಂಡ್ಯದ ಕಡೆಯ ಒಂದು ಮನೆಯ ಗೃಹಪ್ರವೇಶಕ್ಕೆ. ಆನೆ ಬೀಟೆ, ಅಂಬಾರಿ ಹಲಸು, ದಂತ ಹಾಲೆ. ಉಪ್ಪುಕಾಗದ ಹಾಕಿ ಮುಗಿಸಿದಾಗ ದಂತ ಬೆಣ್ಣೆಯ ಬಣ್ಣಕ್ಕೆ ತಿರುಗಿ ಸೊಗಸಾಗಿತ್ತು. ಪಾಲಿಶ್‌ನ ಮೊದಲ ಸುತ್ತಿಗೆ ಉಂಡೆಯ ಬಟ್ಟೆಯಲ್ಲಿ ಕೆಂಪು ಕಾಣಿಸಿತು. ಬೀಟೆಯಿಂದಲೂ ಸ್ಪಿರಿಟ್‌ಗೆ ಬಣ್ಣ ಇಳಿಯುವುದು ಗೊತ್ತಿದ್ದರಿಂದ ಅದೇ ಇರಬೇಕೆಂದು ಮುಂದುವರಿಸಿದೆ. ಎರಡನೆಯ ಸುತ್ತಿಗೆ ದಂತದ ಎರಡೂ ಅಂಚಿನಿಂದ ಗುಲಾಬಿ ಗೆರೆಗಳು ನಾರಿನ ಉದ್ದಕ್ಕೂ ಒಳಕ್ಕೆ ಹರಿದವು, ನೋಡುತ್ತಿದ್ದಂತೆಯೇ. ಉಜ್ಜುವುದನ್ನು ನಿಲ್ಲಿಸಿ, ಬರೀ ಸ್ಪಿರಿಟ್‌ನಲ್ಲಿ ತೆಗೆಯಲು ಹೋದೆ. ಅದು ಇನ್ನಷ್ಟು ಹರಡಿತು. ಒಣಗಿಸಿ ಮತ್ತೆ ಉಪ್ಪುಕಾಗದ ಹಾಕಿದೆ. ತೆಳುಹಲಗೆ ಎಷ್ಟು ದಪ್ಪವಿರುತ್ತದೆ ಎಂದು ನಿಮಗೆ ಗೊತ್ತು. ಬಣ್ಣ ಹೋಗುವ ಮೊದಲು ಮರವೇ ಮುಗಿದು ಕೆಳಗಿನ ಅಂಟು ಕಂಡಿತು.

ಉಸ್ತಾದರು ಬಂದು ಫಲಕವನ್ನು ಬೆಳಕಿಗೆ ಹಿಡಿದು ನೋಡಿದರು. ಬೈಯಲಿಲ್ಲ. ‘ಇದರ ಮೇಲೆ ಕೊನೆಗೆ ಏನು ಬೀಳುತ್ತದೆ ಎಂದು ಮೊದಲು ಕೇಳಿಕೊಂಡೆಯಾ?’ ಎಂದಷ್ಟೇ ಕೇಳಿದರು. ಗೃಹಪ್ರವೇಶದ ದಿನಕ್ಕೆ ಫಲಕ ಸಿದ್ಧವಾಗಲಿಲ್ಲ. ಮುಂಗಡ ಹಿಂತಿರುಗಿಸಿದ್ದು ಉಸ್ತಾದರ ಕೈಯಿಂದ, ಮಾತು ಕೇಳಿಸಿಕೊಂಡವರೂ ಅವರೇ. ಆ ಮನೆಯವರು ಮತ್ತೆ ನಮ್ಮ ಕಡೆ ಬರಲಿಲ್ಲ. ಮರದ ನಷ್ಟವನ್ನು ದುಡಿದು ತೀರಿಸಬಹುದು. ಉಸ್ತಾದರಿಗೆ ಆದ ಅವಮಾನವನ್ನು ನಾನು ಇವತ್ತಿಗೂ ತೀರಿಸಿಲ್ಲ.

ಇನ್ನು ಆ ಗುಂಡಿನವರ ವಿಷಯ. ಅವರನ್ನು ನೋಡಿ ನಾವು ಕಲಿಯುವುದು ಬೇರೆಯೇ ಇದೆ. ಎರಕದ ಸೀಸದ ಗುಂಡಿನ ಸುತ್ತ ಬಳೆಯಂಥ ತೋಡುಗಳಿರುತ್ತವೆ, ಮೇಣ ತುಂಬುವುದು ಅಲ್ಲಿಗೆ. ನಳಿಕೆಯಲ್ಲಿ ಸೀಸ ಮೆತ್ತದಂತೆ ಅದು ಕಾಯುತ್ತದೆ. ಬಣ್ಣದಿಂದ ಜಾರುವಿಕೆ ಹೆಚ್ಚುವುದೂ ಇಲ್ಲ, ಕಡಿಮೆಯಾಗುವುದೂ ಇಲ್ಲ. ತೋಡು ಪೂರ್ತಿ ತುಂಬಿದೆಯೇ ಎಂದು ಕಣ್ಣಿಗೆ ಕಾಣಲಿ, ಒಂದು ಪಾಕವನ್ನು ಇನ್ನೊಂದರಿಂದ ಗುರುತಿಸಲಿ ಎಂದು ಹಾಕುತ್ತಾರೆ, ಬರೀ ಚೆಂದಕ್ಕೆ ಹಾಕುವವರೂ ಇದ್ದಾರೆ. ಅವರ ಹಳೆಯ ಹೆಸರಾಂತ ಪಾಕದಲ್ಲಿ ಅರ್ಧ ಜೇನುಮೇಣ, ಅರ್ಧ ಆಲಾಕ್ಸ್ ಎಂಬ ಪೆಟ್ರೋಲಿಯಂ ಮೂಲದ ಗ್ರೀಸ್. ಅದಕ್ಕೆ ಬಣ್ಣದ ಹಂಗೇ ಇಲ್ಲ. ಮುಖ್ಯವಾದದ್ದು ಇದು: ಆ ಮೇಣ ಗುಂಡಿನೊಂದಿಗೇ ಹೊರಟುಹೋಗುತ್ತದೆ. ಅದರ ಮೇಲೆ ಯಾರೂ ಪಾಲಿಶ್ ಹೊಡೆಯುವುದಿಲ್ಲ, ಅದನ್ನು ಯಾರೂ ಗೋಡೆಗೆ ತೂಗುಹಾಕುವುದಿಲ್ಲ. ನಮ್ಮ ಮೇಣ ಮರದೊಳಗೇ ಉಳಿಯುತ್ತದೆ.

ಬಣ್ಣಕ್ಕೆ ಕೆಲಸವಿರುವ ಕಡೆ ಬಣ್ಣ ಇರಲಿ. ನಿಮ್ಮ ಕಡೆಯ ಎತ್ತಿನಗಾಡಿಗೆ ಹಾಕುತ್ತಿದ್ದ ಕೀಲೆಣ್ಣೆ ಕಪ್ಪಗಿದ್ದದ್ದು ಹುಲ್ಲು ಸುಟ್ಟ ಕರಿಯನ್ನು ಹರಳೆಣ್ಣೆಗೆ ಬೆರೆಸುತ್ತಿದ್ದರಿಂದ. ಎಣ್ಣೆ ಮಂದವಾಗಿ ಅಚ್ಚಿನಲ್ಲಿ ನಿಲ್ಲಲು ಆ ಕರಿ ಬೇಕಿತ್ತು, ಕಪ್ಪು ತಾನಾಗಿ ಬಂತು. 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಮೈಸೂರಿನಲ್ಲಿ ಸ್ಥಾಪಿಸಿದ ಲ್ಯಾಕ್ ಅಂಡ್ ಪೇಂಟ್ ವರ್ಕ್ಸ್, ಇಂದು ಮತದಾನದ ಶಾಯಿಗೆ ದೇಶದಲ್ಲೆಲ್ಲ ಹೆಸರಾದ ಕಾರ್ಖಾನೆ, ಮೊಹರಿನ ಅರಗನ್ನೂ ಮಾಡುತ್ತದೆ. ಒಡೆದ ಮೊಹರು ದೂರದಿಂದಲೇ ಕಾಣಬೇಕು, ಅಲ್ಲಿ ಕೆಂಪು ಬೇಕೇ ಬೇಕು. ಗರಗಸದ ಮೇಣಕ್ಕೆ ಅಂಥ ಯಾವ ಕೆಲಸವೂ ಇಲ್ಲ.

ಇರುವ ಹಳದಿಯೇ ನಿಮಗೆ ಸುದ್ದಿ ಹೇಳುತ್ತಿರುತ್ತದೆ, ಅದನ್ನು ಮುಚ್ಚಬೇಡಿ. ಜೇನುಮೇಣ 62ರಿಂದ 64 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ. 85 ದಾಟಿದರೆ ಕಂದು ಬಣ್ಣಕ್ಕೆ ತಿರುಗತೊಡಗುತ್ತದೆ. ಕುದಿಯುವ ನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆಯಿಟ್ಟು ಕರಗಿಸಿ, ಕರಗಿದ ಕೂಡಲೇ ಇಳಿಸಿಬಿಡಿ. ನೇರವಾಗಿ ಒಲೆಯ ಮೇಲೆ ಇಡಲೇಬೇಡಿ. ಮೇಣ ಕಂದಾಗಿದ್ದರೆ ಹೆಚ್ಚು ಕಾಯಿಸಿದ್ದೀರಿ ಎಂದು ತಿಳಿಯುತ್ತದೆ. ಕಪ್ಪು ಚುಕ್ಕೆ ಕಂಡರೆ ಉಕ್ಕಿನ ಪುಡಿ ಸೇರಿದೆ. ಕೆಂಪು ಮೇಣದಲ್ಲಿ ಇವೆರಡೂ ಕಾಣುವುದಿಲ್ಲ.

ಡಬ್ಬಿ ಅದಲುಬದಲಾಗುವ ತೊಂದರೆಗೆ ಡಬ್ಬಿಗೇ ಬಣ್ಣ ಹಚ್ಚಿ. ನನ್ನವು ಈಗ ಒಂದು ಹಸಿರು, ಒಂದು ಕೆಂಪು, ಒಂದು ಬರಿಯ ತಗಡು. ಇನ್ನೂ ಖಚಿತವಾಗಿ ಬೇಕಿದ್ದರೆ ಆಕಾರ ಬದಲಿಸಿ: ಗರಗಸದ ಮೇಣವನ್ನು ಬೆರಳುದ್ದದ ಕಡ್ಡಿಯಾಗಿ ಎರೆದುಕೊಳ್ಳಿ, ತೋಪಡದ್ದನ್ನು ಚಪ್ಪಟೆ ಡಬ್ಬಿಯಲ್ಲಿಡಿ. ಕತ್ತಲಲ್ಲಿ ಮುಟ್ಟಿದರೂ ಗೊತ್ತಾಗುತ್ತದೆ. ಗರಗಸದ್ದಕ್ಕೆ ಹರಳೆಣ್ಣೆಯೂ ಬೇಡ, ಬರೀ ಜೇನುಮೇಣ ಸಾಕು, ಅದೂ ತೆಳುವಾಗಿ. ಅಂಚಿನಲ್ಲಿ ಮೇಣ ಹೆಚ್ಚಾದರೆ ಅಂಟು ಹಿಡಿಯುವುದಿಲ್ಲ.

ಇಷ್ಟು ಹೇಳಿದ ಮೇಲೂ ಬಣ್ಣ ಹಾಕಿಯೇ ತೀರುತ್ತೇನೆ ಎನ್ನುವುದಾದರೆ, ಪರೀಕ್ಷೆಯನ್ನು ನೀರಿನಲ್ಲಿ ಮಾಡಬೇಡಿ. ನೀವು ಕೊನೆಗೆ ಯಾವ ಪಾಲಿಶ್ ಹಚ್ಚುತ್ತೀರೋ ಅದರಲ್ಲೇ ಮಾಡಿ: ಸ್ಪಿರಿಟ್ ಪಾಲಿಶ್ ಆದರೆ ಸ್ಪಿರಿಟ್, ವಾರ್ನಿಶ್ ಆದರೆ ಟರ್ಪೆಂಟೈನ್. ನಿಮ್ಮಲ್ಲಿರುವುದರಲ್ಲೇ ಅತಿ ಬಿಳಿಯ ಮರ ಆರಿಸಿ, ಕತ್ತರಿಸಿ, ಅಂಚನ್ನು ಪಾಲಿಶ್‌ನಲ್ಲಿ ತೋಯಿಸಿ ಒಂದು ದಿನ ಬಿಟ್ಟು ನೋಡಿ. ಈಗಾಗಲೇ ಕ್ರೇಯಾನ್ ಹಾಕಿ ಒಂದು ಪಾಕ ಮಾಡಿಟ್ಟಿದ್ದರೆ ಎಸೆಯಬೇಡಿ, ಕಬ್ಬಿಣಕ್ಕೆ ಕಬ್ಬಿಣ ಉಜ್ಜುವ ಕಡೆ, ಗೇಟಿನ ಚಿಲಕಕ್ಕೋ ಶಟರ್‌ನ ಕಂಬಿಗೋ ಬಳಸಿ ಮುಗಿಸಿ. ನೀವು ಯಾವ ಮರದಲ್ಲಿ ಕೆಲಸ ಮಾಡುತ್ತೀರಿ, ಮೇಲೆ ಏನು ಹಚ್ಚುತ್ತೀರಿ ಎಂದು ಬರೆಯಲಿಲ್ಲ. ಅದನ್ನು ತಿಳಿಸಿದರೆ ಜೇನುಮೇಣಕ್ಕೆ ಹರಳೆಣ್ಣೆ ಎಷ್ಟಿರಬೇಕೆಂದು ಹೇಳುತ್ತೇನೆ.